ಉಸಿರಿನ ಲೆಕ್ಕ ಇಡುವ ಯಂತ್ರ: 640 ರೂಪಾಯಿಯ ಒಂದು ಪಾಠ



ನಮ್ಮ ವೈದ್ಯಕೀಯ ನೆರವು ನಿಧಿಗೆ ಬರುವ ಅರ್ಜಿಗಳನ್ನು ಪರಿಶೀಲಿಸುವ ಕೆಲಸ ನನ್ನ ಪಾಲಿಗೆ ಬಂದು ಆರು ವರ್ಷಗಳಾದವು. ಮೂವತ್ತಾರು ವರ್ಷ ಬ್ಯಾಂಕಿನಲ್ಲಿ ದುಡಿದವರು, ಬಿಲ್ಲು ವೋಚರು ನೋಡಿ ಪಳಗಿದವರು ಎಂದು ಉಪಸಮಿತಿಯವರು ಈ ಹೊಣೆ ವಹಿಸಿದರು. ನಾನು ಓದಿದ್ದು ಬಿ.ಕಾಂ. ವೈದ್ಯಶಾಸ್ತ್ರದ ಗಂಧಗಾಳಿ ನನಗಿಲ್ಲ. ಈ ಲೇಖನವನ್ನೂ ತಿಳಿದವನೆಂದು ಬರೆಯುತ್ತಿಲ್ಲ. ಒಂದು ಬಿಲ್ಲಿನ ಒಂದು ಸಾಲು ಅರ್ಥವಾಗದೆ ತಪ್ಪು ಮಾಡಿ, ಆಮೇಲೆ ನಾಲ್ಕು ಜನರನ್ನು ಕೇಳಿ ಕಲಿತವನೆಂದು ಬರೆಯುತ್ತಿದ್ದೇನೆ.

ಕೆಂಪು ಶಾಯಿಯ ಗೆರೆ

ಮೂರು ವರ್ಷಗಳ ಹಿಂದಿನ ಮಾತು. ನಮ್ಮ ಸದಸ್ಯರೊಬ್ಬರು, ಹೋಟೆಲಿನಲ್ಲಿ ಗಲ್ಲಾಪೆಟ್ಟಿಗೆ ನೋಡಿಕೊಳ್ಳುವವರು, ತಾಯಿಯ ಚಿಕಿತ್ಸೆಗೆ ನೆರವು ಕೋರಿ ಅರ್ಜಿ ಕೊಟ್ಟರು. ತಾಯಿಗೆ ನ್ಯುಮೋನಿಯಾ. ಉಪನಗರದ ಒಂದು ಸಣ್ಣ ಆಸ್ಪತ್ರೆಯ ಐಸಿಯುವಿನಲ್ಲಿ ಗಂಟಲಿಗೆ ನಳಿಕೆ ಇಳಿಸಿ ವೆಂಟಿಲೇಟರಿಗೆ ಜೋಡಿಸಿದ್ದರು. ಅರ್ಜಿಯ ಜೊತೆ ಖರ್ಚಿನ ಅಂದಾಜು ಪಟ್ಟಿ ಇತ್ತು. ಬೆಡ್ ಚಾರ್ಜ್, ವೆಂಟಿಲೇಟರ್ ಚಾರ್ಜ್, ಮಾನಿಟರ್ ಚಾರ್ಜ್, ಔಷಧ, ಪರೀಕ್ಷೆಗಳು. ಕೊನೆಯಲ್ಲಿ ‘ಇಟಿಸಿಓ2 ಲೈನ್ ಮತ್ತು ಅಡಾಪ್ಟರ್, 640 ರೂಪಾಯಿ’ ಎಂಬ ಒಂದು ಸಾಲು.

ಮಾನಿಟರಿಗೆ ಆಗಲೇ ದುಡ್ಡು ಹಾಕಿದ್ದಾರೆ, ಅದರ ವೈರಿಗೂ ಬೇರೆ ದುಡ್ಡೇ ಎಂದು ನನಗನ್ನಿಸಿತು. ಒಂದೇ ಖರ್ಚನ್ನು ಎರಡು ಕಡೆ ತೋರಿಸುವ ಬಿಲ್ಲುಗಳನ್ನು ಬ್ಯಾಂಕಿನಲ್ಲಿ ಬೇಕಾದಷ್ಟು ನೋಡಿದ್ದೆ. ಕೆಂಪು ಶಾಯಿಯಲ್ಲಿ ಆ ಸಾಲನ್ನು ಹೊಡೆದುಹಾಕಿ, ‘ಮಾನಿಟರ್ ಚಾರ್ಜಿನಲ್ಲಿ ಸೇರಿದೆ’ ಎಂದು ಷರಾ ಬರೆದೆ. ಉಳಿದದ್ದು ನಿಧಿಯ ಮಿತಿಯೊಳಗೆ ಮಂಜೂರಾಯಿತು. ಸಂಘದ ದುಡ್ಡು ಉಳಿಸಿದೆನೆಂಬ ಸಮಾಧಾನವೂ ಆಯಿತು.

ಹನ್ನೊಂದನೆಯ ದಿನ ಆ ತಾಯಿ ಮನೆಗೆ ಬಂದರು. ಮಗ ಅಂತಿಮ ಬಿಲ್ಲುಗಳನ್ನು ತಂದು ನನ್ನ ಮುಂದಿಟ್ಟರು. ಕಟ್ಟು ಬಿಚ್ಚುವಾಗ ಅವರ ಅಂಗಿಯ ಜೇಬಿನಲ್ಲಿ ಇನ್ನೊಂದು ಮೆಡಿಕಲ್ ಅಂಗಡಿಯ ಚೀಟಿ ಕಂಡಿತು. ಅದು ಯಾವುದೆಂದು ಕೇಳಿದೆ.

“ಅದು ಆ ಲೈನಿನದ್ದು ಸಾರ್. ನೀವು ಕೊಡಲಾಗದು ಅಂದಿದ್ರಲ್ಲ, ಅದಕ್ಕೆ ಸೇರಿಸಲಿಲ್ಲ. ಡಾಕ್ಟರು ಬೇಕೇ ಬೇಕು ಅಂದ್ರು, ಜೊತೆಯವರ ಹತ್ತಿರ ಕೈಗಡ ತಗೊಂಡು ತಂದೆ. ಮೂರನೇ ರಾತ್ರಿ ಅಮ್ಮನನ್ನು ಉಳಿಸಿದ್ದೇ ಅದು.”

ಆ ರಾತ್ರಿ ನಡೆದದ್ದು ಇಷ್ಟು. ಹಾಸಿಗೆಯ ಬಟ್ಟೆ ಬದಲಿಸಲು ರೋಗಿಯನ್ನು ಮಗ್ಗುಲಿಗೆ ಹೊರಳಿಸುವಾಗ ಗಂಟಲ ನಳಿಕೆ ಜಾರಿತು. ವೆಂಟಿಲೇಟರ್ ಕೂಗಿತು, ಆದರೆ ಅದು ದಿನಕ್ಕೆ ಹತ್ತು ಸಲ ಕೂಗುವ ಯಂತ್ರ. ಬೆರಳಿನ ಕ್ಲಿಪ್ ಆಮ್ಲಜನಕವನ್ನು ಇನ್ನೂ 96 ಎಂದೇ ತೋರಿಸುತ್ತಿತ್ತು. ಮಾನಿಟರಿನ ಇನ್ನೊಂದು ಗೆರೆ ಮಾತ್ರ ಏರಿಳಿತ ಬಿಟ್ಟು ನೇರವಾಗಿ ಮಲಗಿಬಿಟ್ಟಿತ್ತು. ಅದನ್ನು ನೋಡಿದ ಸಿಸ್ಟರ್ ಡಾಕ್ಟರನ್ನು ಕೂಗಿ ಕರೆದರು. ಡಾಕ್ಟರು ಬಂದು ನಳಿಕೆಯನ್ನು ತೆಗೆದು ಹೊಸದಾಗಿ ಹಾಕಿದರು. ಗೆರೆ ಮತ್ತೆ ಎದ್ದಿತು.

ಆ ಗೆರೆ ಬರುವುದು ನಾನು ಹೊಡೆದುಹಾಕಿದ 640 ರೂಪಾಯಿಯ ಸಾಮಾನಿನಿಂದ. ಅದು ವೈರ್ ಅಲ್ಲ, ಸಣ್ಣ ಕೊಳವೆ. ಅದರೊಳಗೆ ಹರಿಯುವುದು ರೋಗಿಯ ಉಸಿರು.

ಹೊಗೆ ಎದ್ದರೆ ಒಲೆ ಉರಿಯುತ್ತಿದೆ

ನಮ್ಮ ಹಿರಿಯ ಸದಸ್ಯರೊಬ್ಬರ ಮಗಳು ಅರಿವಳಿಕೆ ತಜ್ಞೆ. ಒಂದು ಭಾನುವಾರ ಅವರ ಮನೆಗೆ ಹೋಗಿ ನಡೆದದ್ದನ್ನು ಒಪ್ಪಿಕೊಂಡು, “ಇದೇನಮ್ಮಾ ಈ ಯಂತ್ರ, ಬಿಡಿಸಿ ಹೇಳು” ಎಂದೆ. “ಬೇಜಾರು ಮಾಡ್ಕೋಬೇಡಿ ಅಂಕಲ್, ದುಡ್ಡು ಕೊಡುವವರು ಯಾರೂ ಈ ಪ್ರಶ್ನೆ ಕೇಳೋದೇ ಇಲ್ಲ” ಎನ್ನುತ್ತ ಆಕೆ ಕಾಗದ ತಂದು ಚಿತ್ರ ಬರೆದು ವಿವರಿಸಿದಳು. ಅವಳು ಹೇಳಿದ್ದನ್ನೂ ಆಮೇಲೆ ನಾನು ಓದಿಕೊಂಡದ್ದನ್ನೂ ಸೇರಿಸಿ ಇಲ್ಲಿ ಕೊಡುತ್ತಿದ್ದೇನೆ.

ಯಂತ್ರದ ಹೆಸರು ಕ್ಯಾಪ್ನೋಗ್ರಾಫ್. ಗ್ರೀಕ್ ಭಾಷೆಯಲ್ಲಿ ‘ಕಾಪ್ನೋಸ್’ ಎಂದರೆ ಹೊಗೆ. ಹೆಸರು ಸರಿಯಾಗಿಯೇ ಇದೆ. ನಾವು ಉಂಡ ಅನ್ನ ದೇಹದಲ್ಲಿ ಉರಿದು ಶಕ್ತಿಯಾಗುತ್ತದೆ; ಆ ಉರಿಯ ಹೊಗೆಯೇ ಇಂಗಾಲದ ಡೈಆಕ್ಸೈಡ್. ಊರಿನಲ್ಲಿ ಹಂಚಿನ ಮಾಡಿನ ಮೇಲೆ ಹೊಗೆ ಏಳುವುದನ್ನು ದೂರದಿಂದ ಕಂಡರೆ ಆ ಮನೆಯಲ್ಲಿ ಜನ ಇದ್ದಾರೆ, ಒಲೆ ಉರಿಯುತ್ತಿದೆ ಎಂದು ತಿಳಿಯುತ್ತಿತ್ತಲ್ಲವೇ, ಇದೂ ಹಾಗೆಯೇ.

ನಾವು ಒಳಗೆಳೆದುಕೊಳ್ಳುವ ಗಾಳಿಯಲ್ಲಿ ಇಂಗಾಲದ ಡೈಆಕ್ಸೈಡ್ ಇರುವುದು ಶೇಕಡಾ 0.04ರಷ್ಟು, ಅಂದರೆ ಲೆಕ್ಕಕ್ಕಿಲ್ಲದಷ್ಟು. ಬಿಟ್ಟ ಉಸಿರಿನ ಕೊನೆಯ ಭಾಗದಲ್ಲಿ ಅದು ಶೇಕಡಾ 5ರ ಸುಮಾರಿಗೆ ಏರುತ್ತದೆ. ವೈದ್ಯರು ಇದನ್ನು ಪಾದರಸದ ಮಿಲಿಮೀಟರಿನಲ್ಲಿ ಹೇಳುತ್ತಾರೆ. ಆರೋಗ್ಯವಂತರಲ್ಲಿ ಅದು 35ರಿಂದ 45. ಬಿಲ್ಲಿನಲ್ಲಿ ಕಾಣುವ ‘ಇಟಿ’ ಎಂಬುದು ಉಸಿರಿನ ಈ ಕೊನೆಯ ಭಾಗವನ್ನು ಸೂಚಿಸುವ ಇಂಗ್ಲಿಷ್ ಪದದ ಸಂಕ್ಷೇಪ.

ಈ ಅನಿಲ ಹೊರಬರಬೇಕಾದರೆ ಮೂರು ಮೇಜು ದಾಟಬೇಕು. ದೇಹದ ಜೀವಕೋಶಗಳು ಅದನ್ನು ಉಂಟುಮಾಡಬೇಕು, ಹೃದಯ ಅದನ್ನು ರಕ್ತದ ಮೂಲಕ ಶ್ವಾಸಕೋಶಕ್ಕೆ ಒಯ್ಯಬೇಕು, ಶ್ವಾಸಕೋಶ ಅದನ್ನು ಹೊರಹಾಕಬೇಕು. ವೋಚರು ಬರೆಯುವವನು, ಪಾಸು ಮಾಡುವವನು, ಹಣ ಕೊಡುವವನು ಮೂವರೂ ಕೆಲಸ ಮಾಡಿದರೆ ಮಾತ್ರ ಕೌಂಟರಿನಿಂದ ದುಡ್ಡು ಹೊರಬಂದ ಹಾಗೆ. ಒಂದು ಮೇಜು ನಿಂತರೂ ಕ್ಯಾಪ್ನೋಗ್ರಾಫಿನ ಗೆರೆ ಬದಲಾಗುತ್ತದೆ.

ಶಿಲ್ಕು ಬೇರೆ, ದಿನದ ವಹಿವಾಟು ಬೇರೆ

ಬೆರಳಿಗೆ ಹಾಕುವ ಆಕ್ಸಿಮೀಟರನ್ನು ಕೊರೋನಾ ಕಾಲದಲ್ಲಿ ನಾವೆಲ್ಲ ಕಂಡಿದ್ದೇವೆ. ಅದು ಇರುವಾಗ ಇದೇಕೆ ಎಂದು ನಾನೂ ಕೇಳಿದೆ. ಉತ್ತರ ತಿಳಿದಾಗ ನನ್ನ ವೃತ್ತಿಯ ಭಾಷೆಯಲ್ಲೇ ಅರ್ಥವಾಯಿತು.

ಆಕ್ಸಿಮೀಟರ್ ತೋರಿಸುವುದು ಖಾತೆಯ ಶಿಲ್ಕು. ಸಂಬಳ ಬರುವುದು ನಿಂತ ದಿನವೇ ಖಾತೆ ಬರಿದಾಗುವುದಿಲ್ಲ; ಇದ್ದ ದುಡ್ಡಿನಲ್ಲಿ ಕೆಲವು ದಿನ ಚೆಕ್ಕುಗಳು ಪಾಸಾಗುತ್ತಲೇ ಇರುತ್ತವೆ. ಹಾಗೆಯೇ ಉಸಿರಾಟ ನಿಂತರೂ ಶ್ವಾಸಕೋಶದಲ್ಲಿ ಮತ್ತು ರಕ್ತದಲ್ಲಿ ಉಳಿದ ಆಮ್ಲಜನಕದಿಂದ ಆಕ್ಸಿಮೀಟರಿನ ಅಂಕಿ ಕೆಲವು ಹೊತ್ತು ಹಾಗೆಯೇ ನಿಂತಿರಬಹುದು. ಮೊದಲೇ ಶುದ್ಧ ಆಮ್ಲಜನಕ ಕೊಟ್ಟ ಆರೋಗ್ಯವಂತರಲ್ಲಿ ಕೆಲವು ನಿಮಿಷಗಳೇ ಕಳೆಯಬಹುದು. ರೋಗಿಗಳಲ್ಲಿ, ಮಕ್ಕಳಲ್ಲಿ, ತುಂಬ ದಪ್ಪ ಇರುವವರಲ್ಲಿ ಆ ಅವಧಿ ಕಡಿಮೆ. ಅಂಕಿ ಇಳಿಯಲು ಶುರುವಾದ ಮೇಲಂತೂ ವೇಗವಾಗಿ ಇಳಿಯುತ್ತದೆ.

ಕ್ಯಾಪ್ನೋಗ್ರಾಫ್ ತೋರಿಸುವುದು ದಿನದ ವಹಿವಾಟು. ಪ್ರತಿ ಉಸಿರಿಗೂ ಒಂದು ನಮೂದು. ಉಸಿರು ಬರಲಿಲ್ಲವೋ, ಮುಂದಿನ ಕೆಲವು ಸೆಕೆಂಡುಗಳಲ್ಲೇ ಗೆರೆ ಮಲಗುತ್ತದೆ. ಆ ತಾಯಿಯ ಶಿಲ್ಕು 96 ಇರುವಾಗಲೇ ವಹಿವಾಟು ನಿಂತಿದೆಯೆಂದು ತಿಳಿದದ್ದು ಹೀಗೆ.

ಯಂತ್ರ ಅಳೆಯುವ ಬಗೆ

ಇಂಗಾಲದ ಡೈಆಕ್ಸೈಡ್ ಕಣ್ಣಿಗೆ ಕಾಣದ ಅವಗೆಂಪು ಕಿರಣವನ್ನು, ಅದರಲ್ಲೂ ಸುಮಾರು 4.3 ಮೈಕ್ರಾನ್ ತರಂಗಾಂತರದ ಕಿರಣವನ್ನು, ಚೆನ್ನಾಗಿ ಹೀರಿಕೊಳ್ಳುತ್ತದೆ. ಉಸಿರಿನ ಮಾದರಿಯನ್ನು ಸಣ್ಣ ಕೋಶಕ್ಕೆ ತಂದು ಒಂದು ಕಡೆಯಿಂದ ಕಿರಣ ಹಾಯಿಸಿ ಇನ್ನೊಂದು ಕಡೆ ಎಷ್ಟು ತಲುಪಿತೆಂದು ನೋಡುತ್ತಾರೆ. ಕಿರಣ ಹೆಚ್ಚು ತಗ್ಗಿದಷ್ಟೂ ಅನಿಲ ಹೆಚ್ಚಿದೆ ಎಂದರ್ಥ.

ಮಾದರಿ ತೆಗೆಯುವುದರಲ್ಲಿ ಎರಡು ಬಗೆ. ಒಂದರಲ್ಲಿ ಅಳೆಯುವ ಸೆನ್ಸರನ್ನೇ ಗಂಟಲ ನಳಿಕೆಯ ಬಾಯಿಗೆ ಕೂರಿಸುತ್ತಾರೆ. ರೋಗಿಯ ಉಸಿರು ಅದರ ಮೂಲಕವೇ ಹಾದುಹೋಗುತ್ತದೆ. ಇದು ಬೇಗ ತಿಳಿಸುತ್ತದೆ, ಆದರೆ ನಳಿಕೆಯ ಮೇಲೆ ಭಾರ ಬೀಳುತ್ತದೆ. ಇನ್ನೊಂದರಲ್ಲಿ ನಳಿಕೆಯ ಬಾಯಿಗೆ ಅಡಾಪ್ಟರ್ ಹಾಕಿ, ಅದರಿಂದ ಸಪೂರ ಕೊಳವೆಯ ಮೂಲಕ ಮಾನಿಟರಿನ ಪಂಪು ಸ್ವಲ್ಪಸ್ವಲ್ಪ ಗಾಳಿಯನ್ನು ಎಳೆದುಕೊಳ್ಳುತ್ತದೆ. ಯಂತ್ರಕ್ಕೆ ತಕ್ಕಂತೆ ನಿಮಿಷಕ್ಕೆ 50ರಿಂದ 200 ಮಿಲಿಲೀಟರ್. ಈ ಬಗೆಯಲ್ಲಿ ಮೂಗಿಗೆ ಹಾಕುವ ಕೊಳವೆಯಿಂದಲೂ ಮಾದರಿ ತೆಗೆಯಬಹುದು. ಆದ್ದರಿಂದ ಎಂಡೋಸ್ಕೋಪಿಯಂಥ ಪರೀಕ್ಷೆಗೆ ಮಂಪರು ಕೊಟ್ಟ ರೋಗಿಗಳಿಗೂ ಇದನ್ನು ಬಳಸಬಹುದು. ಶಸ್ತ್ರಚಿಕಿತ್ಸೆಯ ಕೋಣೆಯಲ್ಲಿ ಇದೇ ಮಾದರಿಯಿಂದ ಅರಿವಳಿಕೆ ಅನಿಲದ ಪ್ರಮಾಣವನ್ನೂ ಅಳೆಯುವ ಯಂತ್ರಗಳಿವೆ.

ಕೊಳವೆಯನ್ನು ಪದೇಪದೇ ಬದಲಿಸುವುದೇಕೆ ಎಂಬುದಕ್ಕೆ ಉತ್ತರವೂ ಇಲ್ಲಿಯೇ ಇದೆ. ಉಸಿರಿನಲ್ಲಿ ತೇವ ಇರುತ್ತದೆ. ಅದು ತಣ್ಣಗಾಗಿ ಕೊಳವೆಯಲ್ಲಿ ಹನಿಗಟ್ಟುತ್ತದೆ. ಆ ನೀರು ಯಂತ್ರದೊಳಗೆ ಹೋಗದಂತೆ ಹಿಡಿಯಲು ‘ವಾಟರ್ ಟ್ರ್ಯಾಪ್’ ಎಂಬ ಪುಟ್ಟ ಡಬ್ಬಿ ಇಡುತ್ತಾರೆ. ಕೊಳವೆ ನೀರಿನಿಂದಲೋ ಕಫದಿಂದಲೋ ಕಟ್ಟಿದರೆ ಗೆರೆ ನಿಲ್ಲುತ್ತದೆ. ಎಲ್ಲಾದರೂ ಸೀಳಿ ಹೊರಗಾಳಿ ಬೆರೆತರೆ ಅಂಕಿ ಇರುವುದಕ್ಕಿಂತ ಕಡಿಮೆ ತೋರುತ್ತದೆ. ಒಬ್ಬ ರೋಗಿಗೆ ಬಳಸಿದ್ದನ್ನು ಇನ್ನೊಬ್ಬರಿಗೆ ಹಾಕಿದರೆ ಸೋಂಕಿನ ಭಯ. ಲಕ್ಷಗಟ್ಟಲೆ ಬೆಲೆಯ ಮಾನಿಟರ್ ಇದ್ದರೂ ಸರಿಯಾದ ಕೊಳವೆ ಇಲ್ಲದಿದ್ದರೆ ಅದರ ಆ ಭಾಗ ಕುರುಡು.

ಗೆರೆ ಹೇಳುವುದೇನು

ಸರಿಯಾದ ಉಸಿರಿನ ಗೆರೆ ಸಾಲಾಗಿ ಜೋಡಿಸಿದ ಪೆಟ್ಟಿಗೆಗಳ ಹಾಗಿರುತ್ತದೆ: ನೆಟ್ಟಗೆ ಏರಿ, ಮೇಲೆ ಬಹುಮಟ್ಟಿಗೆ ಸಮವಾಗಿ ಸಾಗಿ, ಉಸಿರು ಒಳಗೆಳೆದಾಗ ನೆಟ್ಟಗೆ ಇಳಿಯುತ್ತದೆ. ಆಸ್ತಮಾದವರಲ್ಲಿ ಉಸಿರು ಕಷ್ಟದಿಂದ ಹೊರಬರುವುದರಿಂದ ಏರುವ ಬದಿ ಓರೆಯಾಗಿ ಮೀನಿನ ರೆಕ್ಕೆಯಂತೆ ಕಾಣುತ್ತದೆ. ಉಸಿರಾಟ ತೀರ ನಿಧಾನವಾದರೆ ಅನಿಲ ಒಳಗೇ ಉಳಿದು ಅಂಕಿ ಏರುತ್ತದೆ. ಹೃದಯ ದುರ್ಬಲವಾಗಿ ರಕ್ತ ಹರಿಯುವುದು ಕಡಿಮೆಯಾದರೆ ಅಂಕಿ ಇಳಿಯುತ್ತದೆ. ನಳಿಕೆ ಶ್ವಾಸನಾಳದ ಬದಲು ಅನ್ನನಾಳಕ್ಕೆ ಹೋಗಿದ್ದರೆ ಉಳಿಯುವುದು ಚಪ್ಪಟೆ ಗೆರೆ.

ಹೃದಯ ನಿಂತ ರೋಗಿಯ ಎದೆ ಒತ್ತುವಾಗಲೂ ಇದು ನೆರವಿಗೆ ಬರುತ್ತದೆ. ಒತ್ತುವುದು ಸರಿಯಾಗಿದ್ದರೆ ಸಣ್ಣ ಅಲೆಗಳಾದರೂ ಮೂಡುತ್ತವೆ. ಹೃದಯ ಮತ್ತೆ ಬಡಿಯತೊಡಗಿದರೆ ಅಂಕಿ ಒಮ್ಮೆಲೇ ಮೇಲೇರುತ್ತದೆ.

ಈ ಯಂತ್ರಕ್ಕೂ ಮಿತಿ ಇದೆ. ಉಸಿರಿನ ಅಂಕಿ ರಕ್ತದಲ್ಲಿರುವ ಅಂಕಿಗಿಂತ ಸಾಮಾನ್ಯವಾಗಿ 2ರಿಂದ 5 ಮಿಲಿಮೀಟರ್ ಕಡಿಮೆ. ಶ್ವಾಸಕೋಶದ ಕಾಯಿಲೆಯಲ್ಲಿ ಅಂತರ ಇನ್ನೂ ಹೆಚ್ಚು. ಅದರಿಂದಲೇ ಬಿಲ್ಲಿನಲ್ಲಿ ‘ಎಬಿಜಿ’ ಎಂಬ ರಕ್ತಪರೀಕ್ಷೆಯೂ ಇರುತ್ತದೆ. ಇದೂ ಎರಡು ಸಲ ಹಾಕಿದ ಖರ್ಚಲ್ಲ. ಪಾಸ್‌ಬುಕ್ಕನ್ನು ಆಗಾಗ ಲೆಡ್ಜರಿನೊಂದಿಗೆ ತಾಳೆ ನೋಡಿದ ಹಾಗೆ.

ಒಂದು ಆಡಿಟ್ ವರದಿ

ಈ ಜ್ಞಾನ ಹೊಸದಲ್ಲ. 1860ರ ದಶಕದಲ್ಲೇ ಲಂಡನ್ನಿನಲ್ಲಿ ಜಾನ್ ಟಿಂಡಾಲ್ ಎಂಬ ವಿಜ್ಞಾನಿ ಮನುಷ್ಯನ ಉಸಿರಿನ ಇಂಗಾಲದ ಡೈಆಕ್ಸೈಡನ್ನು ಅದು ಶಾಖಕಿರಣ ಹೀರುವ ಗುಣದಿಂದ ಅಳೆಯಬಹುದೆಂದು ತೋರಿಸಿದ್ದ. 1943ರಲ್ಲಿ ಜರ್ಮನಿಯ ಕಾರ್ಲ್ ಲುಫ್ಟ್ ಅವಗೆಂಪು ಅನಿಲಮಾಪಕದ ಕುರಿತು ಬರೆದ. ಅರಿವಳಿಕೆ ಕೊಡುವಾಗ ಕ್ಯಾಪ್ನೋಗ್ರಾಫ್ ಇರಬೇಕೆಂಬ ರೂಢಿಯನ್ನು ನೆದರ್‌ಲ್ಯಾಂಡ್ಸ್ 1978ರಲ್ಲಿ, ಉಳಿದ ದೇಶಗಳಿಗಿಂತ ಮೊದಲೇ, ಒಪ್ಪಿಕೊಂಡಿತು.

ನನ್ನನ್ನು ಹೆಚ್ಚು ತಟ್ಟಿದ್ದು ಬ್ರಿಟನ್ನಿನ ಒಂದು ಆಡಿಟ್. ಆಡಿಟ್ ಎಂಬ ಶಬ್ದ ಕಂಡರೆ ನಿವೃತ್ತ ಬ್ಯಾಂಕಿನವನು ಓದದೆ ಬಿಡುತ್ತಾನೆಯೇ? ಅಲ್ಲಿನ ಅರಿವಳಿಕೆ ತಜ್ಞರ ರಾಯಲ್ ಕಾಲೇಜು ಮತ್ತು ಡಿಫಿಕಲ್ಟ್ ಏರ್‌ವೇ ಸೊಸೈಟಿ ಸೇರಿ, ಇಡೀ ದೇಶದ ಸರ್ಕಾರಿ ಆಸ್ಪತ್ರೆಗಳಲ್ಲಿ ಒಂದು ವರ್ಷದಲ್ಲಿ ಉಸಿರಾಟದ ದಾರಿಗೆ ಸಂಬಂಧಿಸಿ ಆದ ಗಂಭೀರ ಅವಘಡಗಳನ್ನೆಲ್ಲ ಕಲೆಹಾಕಿ 2011ರಲ್ಲಿ ವರದಿ ಪ್ರಕಟಿಸಿದವು. ಒಟ್ಟು 184 ಪ್ರಕರಣ, ಅವುಗಳಲ್ಲಿ 38 ಸಾವು. ಐಸಿಯುವಿನಲ್ಲಿ ಆದ ಸಾವುಗಳಲ್ಲಿ ಶೇಕಡಾ 70ಕ್ಕೂ ಹೆಚ್ಚಿನವುಗಳಿಗೆ ಕ್ಯಾಪ್ನೋಗ್ರಾಫ್ ಇಲ್ಲದಿದ್ದದ್ದು ಅಥವಾ ಇದ್ದೂ ಬಳಸದಿದ್ದದ್ದು ಬಹುಶಃ ಕಾರಣದಲ್ಲಿ ಪಾಲು ಪಡೆದಿತ್ತು ಎಂದು ವರದಿ ಹೇಳಿತು. ಕೆಲವು ಕಡೆ ಯಂತ್ರ ಇತ್ತು, ಚಪ್ಪಟೆ ಗೆರೆಯೂ ಕಂಡಿತ್ತು, ಆದರೆ ಅದರ ಅರ್ಥವನ್ನು ತಪ್ಪಾಗಿ ತಿಳಿಯಲಾಗಿತ್ತು.

ಶ್ರೀಮಂತ ದೇಶದ ದೊಡ್ಡ ಆಸ್ಪತ್ರೆಗಳಲ್ಲಿ ಆದದ್ದಿದು. ಓದುವಾಗ ನನಗೆ ನೆನಪಾದದ್ದು ನನ್ನ ಕೆಂಪು ಪೆನ್ನು.

ಬಿಲ್ಲಿನಲ್ಲಿ ಕಾಣುವ ಉಸಿರಿನ ಇತರ ಪರೀಕ್ಷೆಗಳು

ನಮ್ಮ ಅರ್ಜಿಗಳಲ್ಲಿ ಬರುವ ಇನ್ನು ಮೂರು ಹೆಸರುಗಳನ್ನು ಸದಸ್ಯರು ತಿಳಿದಿರಲಿ.

ಯೂರಿಯಾ ಉಸಿರು ಪರೀಕ್ಷೆ. ಹೊಟ್ಟೆಹುಣ್ಣಿಗೆ ಮುಖ್ಯ ಕಾರಣವಾದ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾವನ್ನು ಪತ್ತೆಹಚ್ಚಲು. ಗುರುತು ಹಾಕಿದ ಇಂಗಾಲವಿರುವ ಯೂರಿಯಾ ನುಂಗಿಸುತ್ತಾರೆ. ಬ್ಯಾಕ್ಟೀರಿಯಾ ಇದ್ದರೆ ಅದು ಯೂರಿಯಾವನ್ನು ಒಡೆಯುತ್ತದೆ. ಆ ಗುರುತಿನ ಇಂಗಾಲ ಉಸಿರಿನಲ್ಲಿ ಸಿಗುತ್ತದೆ. ಈ ಬ್ಯಾಕ್ಟೀರಿಯಾವನ್ನು ಕಂಡುಹಿಡಿದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ಅವರಿಗೆ 2005ರಲ್ಲಿ ನೊಬೆಲ್ ಬಂತು. ಆ್ಯಸಿಡಿಟಿ ಮಾತ್ರೆ ಮತ್ತು ಆ್ಯಂಟಿಬಯೋಟಿಕ್ ತೆಗೆದುಕೊಳ್ಳುತ್ತಿದ್ದರೆ ಫಲಿತಾಂಶ ತಪ್ಪಬಹುದು. ಮೊದಲೇ ಡಾಕ್ಟರಿಗೆ ತಿಳಿಸಿ.

ಹೈಡ್ರೋಜನ್ ಉಸಿರು ಪರೀಕ್ಷೆ. ಹಾಲು ಒಗ್ಗದವರಿಗೆ ಮಾಡುವುದು. ಹಾಲಿನ ಸಕ್ಕರೆಯಾದ ಲ್ಯಾಕ್ಟೋಸನ್ನು ಕುಡಿಸಿ, ಸ್ವಲ್ಪಸ್ವಲ್ಪ ಹೊತ್ತಿಗೊಮ್ಮೆ ಉಸಿರಿನ ಮಾದರಿ ತೆಗೆಯುತ್ತಾರೆ. ಜೀರ್ಣವಾಗದೆ ಉಳಿದ ಸಕ್ಕರೆಯನ್ನು ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳು ಹುದುಗಿಸಿದಾಗ ಹುಟ್ಟುವ ಹೈಡ್ರೋಜನ್ ರಕ್ತಕ್ಕೆ ಸೇರಿ ಉಸಿರಿನಲ್ಲಿ ಬರುತ್ತದೆ. ಖಾಲಿ ಹೊಟ್ಟೆಯಲ್ಲಿ ಹೋಗಬೇಕು.

ನೈಟ್ರಿಕ್ ಆಕ್ಸೈಡ್ ಪರೀಕ್ಷೆ, ಬಿಲ್ಲಿನಲ್ಲಿ ‘ಫೀನೋ’. ಕೆಲವು ಬಗೆಯ ಆಸ್ತಮಾದಲ್ಲಿ ಶ್ವಾಸನಾಳ ಉರಿಯೂತದಿಂದ ಊದಿದಾಗ ಈ ಅನಿಲ ಹೆಚ್ಚುತ್ತದೆ. ಕೈಯಲ್ಲಿ ಹಿಡಿಯುವ ಸಣ್ಣ ಯಂತ್ರಕ್ಕೆ ಒಂದೇ ಸಮನೆ ಊದಬೇಕು. ದೊಡ್ಡವರಲ್ಲಿ ನೂರು ಕೋಟಿಗೆ 25 ಭಾಗಕ್ಕಿಂತ ಕಡಿಮೆ ಇದ್ದರೆ ಕಡಿಮೆ, 50ಕ್ಕಿಂತ ಹೆಚ್ಚಿದ್ದರೆ ಹೆಚ್ಚು ಎಂದು ಲೆಕ್ಕ. ಯಾವ ಔಷಧದಿಂದ ಗುಣವಾದೀತು ಎಂದು ತೀರ್ಮಾನಿಸಲು ವೈದ್ಯರಿಗೆ ಇದು ನೆರವಾಗುತ್ತದೆ.

ನಾವು ಮಾಡಬೇಕಾದ್ದು

ಆ ಬಿಲ್ಲಿನ ನಂತರದ ಸಭೆಯಲ್ಲಿ ತಪ್ಪು ನನ್ನದೆಂದು ನಡಾವಳಿ ಪುಸ್ತಕದಲ್ಲಿ ಬರೆಸಿ, 640 ರೂಪಾಯಿಯನ್ನು ಆ ಸದಸ್ಯರಿಗೆ ಮರುಪಾವತಿ ಮಾಡಿಸಿದೆ. ‘ಒಮ್ಮೆ ಬಳಸಿ ಬಿಸಾಡುವ ಸಾಮಗ್ರಿ’ ಎಂದು ಹೊಸ ಖಾತೆ ತೆರೆದೆವು. ಅರ್ಥವಾಗದ ಸಾಲು ಬಂದರೆ ಹೊಡೆದುಹಾಕುವ ಮೊದಲು ವೈದ್ಯರೊಬ್ಬರನ್ನು ಕೇಳಬೇಕೆಂದು ನಿಯಮವನ್ನೂ ಮಾಡಿಕೊಂಡೆವು. ಕೇಳಿದ ಮೇಲೆ ಕೆಲವು ಸಾಲುಗಳು ನಿಜವಾಗಿಯೂ ಹೆಚ್ಚಿನವು ಎಂದು ಗೊತ್ತಾಗುವುದೂ ಉಂಟು. ಅವನ್ನು ಈಗಲೂ ಕಡಿಮೆ ಮಾಡಿಸುತ್ತೇವೆ. ನಿಮ್ಮ ದುಡ್ಡಿಗೆ ಕಾವಲು ತಪ್ಪಿಲ್ಲ.

ಸದಸ್ಯರಲ್ಲಿ ಒಂದು ಮಾತು. ಮನೆಯವರನ್ನು ವೆಂಟಿಲೇಟರ್ ಮೇಲೆ ಇಟ್ಟಿದ್ದರೆ, “ಇಟಿಸಿಓ2 ಗೆರೆ ಬರುತ್ತಿದೆಯೇ?” ಎಂದು ವಿನಯದಿಂದ ಕೇಳಿ. ಕೊಳವೆ ತರಲು ಹೇಳಿದರೆ ತಂದುಕೊಡಿ. ಚೀಟಿ ಜೋಪಾನವಾಗಿಟ್ಟು ಅರ್ಜಿಯ ಜೊತೆ ಸೇರಿಸಿ, ಜೇಬಿನಲ್ಲಿ ಇಟ್ಟುಕೊಳ್ಳಬೇಡಿ.

ದಾನಿಗಳಲ್ಲಿ ಒಂದು ವಿನಂತಿ. ಹಿರಿಯರ ನೆನಪಿಗಾಗಿ ಯಂತ್ರ ಕೊಡಿಸಿ ಅದರ ಮೇಲೆ ಹೆಸರು ಬರೆಸುವುದು ಒಳ್ಳೆಯ ಸಂಪ್ರದಾಯ, ಅದು ಮುಂದುವರಿಯಲಿ. ಆದರೆ ಕೊಳವೆಗೆ ನಾಮಫಲಕ ಹಚ್ಚಲಾಗುವುದಿಲ್ಲ. ನಾಲ್ಕು ದಿನ ಬಳಸಿ ಬಿಸಾಡುವ ವಸ್ತುವಿಗೆ ಯಾರ ಹೆಸರು ಹಾಕುವುದು? ಅದಕ್ಕೇ ಆ ಖಾತೆಗೆ ಹಣ ಬರುವುದು ಕಡಿಮೆ, ಖರ್ಚು ಮಾತ್ರ ಪ್ರತಿ ತಿಂಗಳೂ ಇದೆ. ಒಬ್ಬ ರೋಗಿಯ ಕೊಳವೆಗೆ ಬೇಕಾಗುವುದು ಕೆಲವು ನೂರು ರೂಪಾಯಿ. ದೊಡ್ಡ ಮೊತ್ತ ಕೊಡಲಾಗದೆಂದು ಸಂಕೋಚಪಡುವ ಸದಸ್ಯರು ಇದನ್ನಂತೂ ಕೊಡಬಹುದು. ಸಂಘದ ಕಚೇರಿಯಲ್ಲಿ ಹಣ ಕಟ್ಟಿ, ಖಾತೆಯ ಹೆಸರು ಹೇಳಿ ರಸೀತಿ ಪಡೆಯಿರಿ.

ಆ ತಾಯಿ ಈಗ ಕಾರ್ಕಳದ ಹತ್ತಿರ ಮಗಳ ಮನೆಯಲ್ಲಿದ್ದಾರೆ. ಹೋದ ವರ್ಷ ಊರಿಗೆ ಹೋದಾಗ ನೋಡಿಬಂದೆ. ಕೆಂಪು ಗೆರೆಯ ಸಂಗತಿ ಅವರಿಗೆ ಗೊತ್ತಿರಲಿಲ್ಲ, ಮಗ ಹೇಳಿರಲಿಲ್ಲ. ನಾನೇ ಹೇಳಿದೆ. ಅವರು ನಕ್ಕು, “ಕಾಪಿ ಕುಡಿದು ಹೋಗಿ” ಎಂದರು. ಒಳಗೆ ಒಲೆ ಉರಿಯುತ್ತಿತ್ತು.